ಫೋನಿನಲ್ಲಿ ಕಾಣದ ಕಾಲಂ

ಸುಮ್ಮನೆ ಕೂರುವುದು ನನ್ನ ಜಾಯಮಾನದಲ್ಲೇ ಇಲ್ಲ. ನಂಜನಗೂಡಿನಲ್ಲಿ ಕಂಪ್ಯೂಟರ್ ಪಾಠ ಹೇಳಿಕೊಡುವವಳು ನಾನು. ಪಾಠವಿಲ್ಲದ ದಿನ ಕೈ ತುರಿಸುತ್ತದೆ. ಹಾಗೊಂದು ಬಿಡುವಿನಲ್ಲಿ ನರಸೀಪುರದಿಂದ ಹಳ್ಳಿಗಳಿಗೆ ಹೋಗುವ ಖಾಸಗಿ ಬಸ್ಸುಗಳ ವೇಳೆಯನ್ನೆಲ್ಲ ಕಲೆಹಾಕಿ ಒಂದು ವೆಬ್ ಪುಟ ಮಾಡಿದೆ. ಮಾಡು ಎಂದು ಯಾರೂ ಕೇಳಿರಲಿಲ್ಲ.

ಲ್ಯಾಪ್‌ಟಾಪಿನಲ್ಲಿ ಪಟ್ಟಿ ಚೆನ್ನಾಗಿ ಕಾಣುತ್ತಿತ್ತು. ಫೋನಿನಲ್ಲಿ ಮಾತ್ರ ಬಲಗಡೆ ಚಾಚಿಕೊಂಡು ಆಚೆ ಹೋಗುತ್ತಿತ್ತು. ಇದಕ್ಕೆಂದೇ ಪುಟದ ಅಂದಚಂದ ತಿದ್ದುವ ಸಿಎಸ್‌ಎಸ್‌ನಲ್ಲಿ ಮೀಡಿಯಾ ಕ್ವೆರಿ ಇದೆ. ಪರದೆ ಅಗಲವಿದ್ದರೆ ಹೀಗೆ ತೋರಿಸು, ಕಿರಿದಾಗಿದ್ದರೆ ಹಾಗೆ ತೋರಿಸು ಎಂದು ಅದರಲ್ಲಿ ಬರೆದಿಡಬಹುದು. ಫೋನಿಗೆಂದು ಎಲ್ಲ ವಿವರವನ್ನೂ ಒಂದರ ಕೆಳಗೊಂದು ಜೋಡಿಸಬೇಕಿತ್ತು. ಅಷ್ಟು ತಾಳ್ಮೆ ಯಾರಿಗಿದೆ? ಕಿರಿದಾದ ಪರದೆಯಲ್ಲಿ ಕೊನೆಯ ಕಾಲಂ ಕಾಣುವುದೇ ಬೇಡ ಎಂದು ಒಂದು ಸಾಲು ಬರೆದು ಕೈತೊಳೆದುಕೊಂಡೆ. ಬಸ್ಸು ಯಾವ ದಿನ ಇರುವುದಿಲ್ಲ ಎಂಬುದು ಆ ಕಾಲಂನಲ್ಲೇ ಇತ್ತು.

ಮುಂದೊಂದು ಭಾನುವಾರ ಬೆಳಿಗ್ಗೆ ನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ನಂಜನಗೂಡಿನ ಬಸ್ಸಿಗೆ ಕಾಯುತ್ತಾ ಶತಪಥ ಹಾಕುತ್ತಿದ್ದೆ. ಬುತ್ತಿ ಚೀಲ ಹಿಡಿದಿದ್ದ ಹೆಂಗಸೊಬ್ಬರು ನನ್ನನ್ನು ಕರೆದು ಫೋನ್ ಮುಂದೆ ಮಾಡಿದರು.

"ಒಂಬತ್ತೂವರೆ ಅಂತ ಅದೆ ಕಣವ್ವ. ಗಂಟೆ ಅತ್ತಾದ್ರೂ ಬಸ್ ಬಂದಿಲ್ವಲ್ಲ?"

ಅದು ನನ್ನದೇ ಪುಟ. ಅವರು ಹೋಗಬೇಕಾಗಿದ್ದದ್ದು ತಲಕಾಡಿನಾಚೆಯ ಹಳ್ಳಿಗೆ. ಅಲ್ಲಿಗಿದ್ದದ್ದು ಅದೊಂದೇ ಬಸ್ಸು.

"ಯಾರ ಮನೆಗಕ್ಕ?"

"ನಮ್ಮವ್ವನ ಮನೆಗೆ. ಜಾರಿ ಬಿದ್ದು ಆಸಿಗೆ ಇಡ್ದವಳೆ. ನಂಗೆ ಫ್ಯಾಕ್ಟ್ರಿ ರಜಾ ಇರೋದು ಭಾನುವಾರ ಒಂದೇ. ಓದ ವಾರನೂ ಬಂದು ಕಾದೆ. ಬಸ್ ಕೆಟ್ಟೋಗಿರ್ಬೇಕು ಅಂತ ವಾಪಸ್ ಓದೆ."

ಅವರ ಫೋನ್ ತೆಗೆದುಕೊಂಡು ಅಡ್ಡ ಹಿಡಿದೆ. ಪರದೆ ಅಗಲವಾಯಿತು, ಬಚ್ಚಿಟ್ಟಿದ್ದ ಕಾಲಂ ಬಲಗಡೆ ಬಂದು ನಿಂತಿತು. ಭಾನುವಾರ ಇಲ್ಲ.

ಅವರು ಅದನ್ನು ಎರಡು ಸಲ ಓದಿದರು. "ಅಡ್ಡ ಇಡ್ಕಂಡು ನೋಡ್ಬೇಕಿತ್ತಾ? ನಂಗೆ ಗೊತ್ತಾಗ್ನಿಲ್ಲ ನೋಡು. ನನ್ನದೇ ತಪ್ಪು."

ವಾರಪೂರ್ತಿ ದುಡಿಯುವವರು ಊರಿಗೆ ಹೋಗುವುದೇ ಭಾನುವಾರ ಎಂಬುದು ನನಗೆ ಹೊಳೆದೇ ಇರಲಿಲ್ಲ. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಅಲ್ಲಿಂದ ಓಡಿಹೋಗಬೇಕು ಅನ್ನಿಸಿತು. ಕಾಲು ಆಗಲೇ ನಂಜನಗೂಡು ಬಸ್ಸಿನ ಕಡೆ ತಿರುಗಿತ್ತು.

"ಆಟೋ ಮಾಡ್ಕೊಡ್ತೀನಿ ಅಕ್ಕ, ಹೋಗಿಬನ್ನಿ," ಎಂದೆ.

"ನೀನ್ಯಾಕವ್ವ ಮಾಡ್ಕೊಡ್ಬೇಕು?"

"ಈ ಪಟ್ಟಿ ಮಾಡಿದೋಳು ನಾನೇ. ಫೋನಲ್ಲಿ ಜಾಗ ಸಾಲಲಿಲ್ಲ ಅಂತ ಆ ಕಾಲಂ ಮುಚ್ಚಿಬಿಟ್ಟೆ."

ಬೈಯುತ್ತಾರೆಂದು ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು. ಅವರು ನಾನು ಕೂಗಿ ನಿಲ್ಲಿಸಿದ ಆಟೋ ಹತ್ತಿ, ಬುತ್ತಿ ಚೀಲವನ್ನು ಮಡಿಲಿಗೆ ಎಳೆದುಕೊಂಡು ಪಕ್ಕದಲ್ಲಿ ಜಾಗ ಮಾಡಿದರು.

"ನೀನೂ ಆಟೋ ಅತ್ತು. ನಮ್ಮವ್ವ ಎರಡು ವಾರದಿಂದ ಬಾಗ್ಲು ನೋಡ್ಕಂಡು ಮಲಗವಳೆ. ಯಾಕೆ ಬರ್ನಿಲ್ಲ ಅಂತ ಕೇಳ್ತಾಳೆ. ಬಂದು ನೀನೇ ಉತ್ತರ ಏಳು."