ಕಾಡುಮಾವು ಬಿದ್ದ ದಿನ

ಕೊಳೆತ ಮರವನ್ನು ಕೊಯ್ಯುವಾಗ ಬರುವ ವಾಸನೆ ಹಸಿಮರದ ವಾಸನೆಯಂತಲ್ಲ. ಹುಳಿ ಬಂದ ಹಿಟ್ಟು, ಅಣಬೆ, ತೇವದ ಮಣ್ಣು ಮೂರೂ ಕಲೆತ ಹಾಗೆ ಮೂಗಿಗೆ ಬಡಿಯುತ್ತದೆ. ಮೊನ್ನೆ ಕುಶಾಲನಗರದ ಹತ್ತಿರ ಗಾಳಿಗೆ ಒರಗಿದ ಮರವೊಂದನ್ನು ರಸ್ತೆ ಬದಿಯಲ್ಲಿ ಕೊಯ್ಯುತ್ತಿದ್ದರು. ಬಸ್ಸಿನ ಕಿಟಕಿಯಿಂದ ಆ ವಾಸನೆ ಒಳಗೆ ಬಂದದ್ದೇ ತಡ, ತೊಡೆಯ ಮೇಲಿದ್ದ ತರಕಾರಿ ಚೀಲವನ್ನು ಎದೆಗೆ ಅವುಚಿಕೊಂಡು ಕೂತುಬಿಟ್ಟೆ. ನಿಮಗೂ ಇಂಥದ್ದೊಂದು ವಾಸನೆ ಇರಬಹುದು. ಎಲ್ಲಿಂದಲೋ ಸುಳಿದರೆ ಸಾಕು, ಈಗಿಲ್ಲದ ಮನೆಯೊಂದು ಮಂದಿ ಸಮೇತ ಎದುರಿಗೆ ಬಂದು ನಿಲ್ಲುವಂಥದ್ದು.

ಹಾಸನದ ಕಡೆಯಿಂದ ಬಂದ ಅಜ್ಜ ದಿಬ್ಬದ ಬುಡದಲ್ಲಿ ಕಟ್ಟಿದ ಹೆಂಚಿನ ಮನೆ ನಮ್ಮದು. ಹಿಂದುಗಡೆ ದಿಬ್ಬದ ಅಂಚಿಗೆ ಒಂದು ಕಾಡುಮಾವು. ಅದರ ಮಿಡಿಯ ಸೊನೆಯಿಂದ ಅಮ್ಮನ ಕೈ ಬೇಸಿಗೆ ಪೂರ್ತಿ ಕಪ್ಪಗಿರುತ್ತಿತ್ತು. ಅಪ್ಪನ ತಮ್ಮ, ನನ್ನ ಚಿಕ್ಕಪ್ಪ, ಇನ್ನೂ ಮದುವೆಯಾಗಿರಲಿಲ್ಲ. ಮೇಲಿನ ಶುಂಠಿ ಹೊಲದಿಂದ ಬಂದವನು ಕೈ ತೊಳೆದರೂ ಶುಂಠಿಯ ಘಾಟು ಬಿಡುತ್ತಿರಲಿಲ್ಲ. ಆ ಕೈಯಲ್ಲೇ ನನ್ನ ಕೆನ್ನೆ ಹಿಂಡುತ್ತಿದ್ದ. ಅಜ್ಜಿ ಸೊಂಟ ಮುರಿದು ಹಿಂದಿನ ಕೋಣೆಯಲ್ಲಿ ಮಲಗಿದ ಮೇಲೆ ಅವಳಿಗೆ ರೊಟ್ಟಿಯನ್ನು ಹಾಲಿನಲ್ಲಿ ಕಿವುಚಿ ತಿನ್ನಿಸುವವನೂ ಅವನೇ. ಬೇರೆ ಯಾರು ತಿನ್ನಿಸಿದರೂ ಅವಳಿಗೆ ಎರಡು ತುತ್ತಿಗೆ ಸಾಕಾಗುತ್ತಿತ್ತು.

ಆ ಸಲದ ಮುಂಗಾರು ಗಾಳಿಗೆ ಮಾವು ಮನೆಯ ಕಡೆ ವಾಲಿತು. ಬುಡದ ಹಿಂದೆ ಮಣ್ಣು ಬಿರುಕು ಬಿಟ್ಟಿತ್ತು. ಮರ ಕೊಯ್ಯುವ ಮೊಯ್ದು ಕಾಕ ಬಂದು ಕೊಡಲಿಯ ಹಿಂಬದಿಯಿಂದ ಬಡಿದರು. ಒಂದು ಕಡೆ ಗಟ್ಟಿ ಸದ್ದು, ಪಕ್ಕದಲ್ಲೇ ಡೋಲಿನಂಥ ಸದ್ದು. "ಹತ್ತಿ ಕೊಂಬೆ ಇಳಿಸ್ಲಿಕ್ಕೆ ಆಗುದಿಲ್ಲ ಗೌಡ್ರೆ. ಒಳಗೆ ಪೂರಾ ಪೊಳ್ಳು. ಕೊಯ್ದ್ರೆ ಯಾವ ಕಡೆ ತಿರುಗ್ತದೆ, ಮೇಲಿರೋ ಪಡೆದೋನಿಗೇ ಗೊತ್ತು," ಎಂದರು. ಅಪ್ಪ, ಚಿಕ್ಕಪ್ಪ, ಕಾಕ ಮೂವರೂ ಮಾತಾಡಿಕೊಂಡು ಒಂದು ದಾರಿ ಹುಡುಕಿದರು. ಮೇಲೆ ಹಗ್ಗ ಬಿಗಿದು, ಶುಂಠಿ ಹೊಲದಲ್ಲಿ ಟ್ರ್ಯಾಕ್ಟರ್ ನಿಲ್ಲಿಸಿ, ಮರವನ್ನು ಆ ಕಡೆಗೆ ಎಳೆದು ಕೊಯ್ಯುವುದು. ಕೊಯ್ಯುವ ಮೊದಲು ಅಜ್ಜಿಯನ್ನು ಪಕ್ಕದ ಮನೆಗೆ ಸಾಗಿಸುವುದು. ಇದ್ದ ಹಗ್ಗ ಮರದಷ್ಟು ಉದ್ದವಿರಲಿಲ್ಲ; ಅದರಲ್ಲಿ ಎಳೆದರೆ ಟ್ರ್ಯಾಕ್ಟರ್ ಮರ ಬೀಳುವ ಜಾಗದಲ್ಲೇ ನಿಲ್ಲಬೇಕಿತ್ತು. ಇನ್ನೊಂದು ತರಲು ಹೇಳಿ ಕಳಿಸಿ, ಅದು ಬರುವ ತನಕ ಮರ ಅಲುಗದಿರಲಿ ಎಂದು ಇದ್ದದ್ದನ್ನೇ ಮರಕ್ಕೂ ಟ್ರ್ಯಾಕ್ಟರಿಗೂ ಬಿಗಿದರು.

ಗಂಟು ಬಿಗಿದು ಮುಗಿಯುವಷ್ಟರಲ್ಲಿ ಮಳೆ ಹನಿಯಿತು. ದಿಬ್ಬದೊಳಗೆ ಎಲ್ಲೋ ಬಟ್ಟೆ ಹರಿದಂಥ ಸದ್ದಾಯಿತು. ಬೇರು ಕಿತ್ತು ಬರುತ್ತಿತ್ತು. ಚಿಕ್ಕಪ್ಪ ಓಡಿ ಟ್ರ್ಯಾಕ್ಟರ್ ಹತ್ತಿದ. ಹಗ್ಗ ಸೆಟೆದು ನಿಂತಿತು. ಮರ ನಿಂತಿತು. "ಮೊದ್ಲು ಅವ್ವನ್ನ ಈಚೆಗೆ ತನ್ನಿ ಅಣ್ಣ, ನಾನ್ ಹಿಡ್ಕಂಡಿರ್ತೀನಿ," ಎಂದು ಕೂಗಿದ. ಅಪ್ಪ, ಅಮ್ಮ ಒಳಗೆ ನುಗ್ಗಿ ಕಂಬಳಿಯ ತುದಿಗಳನ್ನು ಹಿಡಿದು ಅಜ್ಜಿಯನ್ನು ಎತ್ತಿದರು. ನೋವಿಗೆ ಅವಳು ಅಮ್ಮನ ಸೆರಗನ್ನು ಹಲ್ಲಿನಲ್ಲಿ ಕಚ್ಚಿದ್ದಳು. ದಿಂಬು ಹಿಡಿದು ನಾನು ಹಿಂದೆ ಓಡಿದೆ. ಬಾಗಿಲು ಚಿಕ್ಕದು, ಕಂಬಳಿ ಸಿಕ್ಕಿಕೊಂಡಿತು; ಅದನ್ನು ಬಿಡಿಸುವಷ್ಟು ಹೊತ್ತು ತಲೆಯ ಮೇಲೆ ಎಲೆಗಳು ನಡುಗುವ ಸದ್ದು ಕೇಳುತ್ತಲೇ ಇತ್ತು.

ಪಕ್ಕದ ಮನೆಯ ಬೇಲಿಯಿಂದ ತಿರುಗಿ ನೋಡಿದೆ. ಟ್ರ್ಯಾಕ್ಟರಿನ ದೊಡ್ಡ ಚಕ್ರಗಳು ಕೆಸರಲ್ಲಿ ಸುತ್ತುತ್ತ ಗೇಣು ಗೇಣಾಗಿ ಹಿಂದಕ್ಕೆ ಜಾರುತ್ತಿದ್ದವು. "ಸಾಕು, ಇಳಿಯೋ. ಅವ್ವ ಈಚೆಗೆ ಬಂದ್ಲು," ಎಂದು ಅಪ್ಪ ಕೂಗುತ್ತ ದಿಬ್ಬ ಹತ್ತಿದ. "ಬುಟ್ರೆ ಮನೆ ಹೋಯ್ತದಣ್ಣ. ಕಾಕ, ಕೊಯ್ರಿ ನೀವು," ಎಂದ ಚಿಕ್ಕಪ್ಪ. ಮೊಯ್ದು ಕಾಕ ಅಪ್ಪನ ಮುಖ ನೋಡಿದರು. ಅಪ್ಪ ಹೂಂ ಅನ್ನಲಿಲ್ಲ, ಬೇಡ ಅನ್ನಲೂ ಇಲ್ಲ. ಕಾಕ ಗರಗಸದ ಮಿಷಿನ್ ಹಚ್ಚಿದರು. ಮೊದಲು ಬಿಳಿ ಹೊಟ್ಟು ಬಂತು, ಆಮೇಲೆ ಕಪ್ಪು ರಾಡಿ. ಆ ವಾಸನೆ ಬೇಲಿಯ ತನಕ ಬಂತು. ಗರಗಸ ಇನ್ನೂ ಅರ್ಧ ಹೋಗಿರಲಿಲ್ಲ, ಕಾಂಡದ ಚಿಪ್ಪು ಒಮ್ಮೆಗೇ ಒಡೆಯಿತು. ಮರ ನಿಂತಲ್ಲೇ ಒಂದು ಸುತ್ತು ತಿರುಗಿ, ಎಳೆಯುತ್ತಿದ್ದ ಕಡೆಗೇ ಬಿತ್ತು. ಚಿಕ್ಕಪ್ಪ ಸೀಟಿನಿಂದ ಎದ್ದಿದ್ದ. ಅಷ್ಟೇ ನಾನು ಕಂಡದ್ದು.

ಮನೆಯ ಒಂದು ಹೆಂಚೂ ಒಡೆಯಲಿಲ್ಲ. ಕೊಂಬೆಗಳನ್ನು ಕಡಿದು ಅವನನ್ನು ಈಚೆಗೆ ತೆಗೆದಾಗ ಉಸಿರಿತ್ತು, ಆಸ್ಪತ್ರೆ ಬರುವಷ್ಟರಲ್ಲಿ ಇರಲಿಲ್ಲ. ಮೊಯ್ದು ಕಾಕ ಆಮೇಲೆ ಮರ ಕೊಯ್ಯುವ ಕೆಲಸವನ್ನೇ ಬಿಟ್ಟರಂತೆ. ಅಪ್ಪ ಆ ಮನೆಯಲ್ಲಿ ಹೆಚ್ಚು ದಿನ ಇರಲಾರದೆ ಎಲ್ಲ ಮಾರಿ ನಮ್ಮನ್ನು ಕುಶಾಲನಗರಕ್ಕೆ ಕರೆತಂದ. ಕೊಂಡವರು ಮನೆ ಕೆಡವಿ ದಿಬ್ಬವನ್ನೂ ಸಮ ಮಾಡಿದ್ದಾರೆ. ಚಿಕ್ಕಪ್ಪ ಉಳಿಸಿದ್ದು ಕೊನೆಗೆ ಯಾರಿಗೂ ಉಳಿಯಲಿಲ್ಲ.

ಆದರೆ ನನ್ನನ್ನು ಬಿಡದೆ ಕಾಡುವುದು ಮಾರನೆಯ ಮಧ್ಯಾಹ್ನ. ಅಜ್ಜಿಗೆ ಯಾರೂ ಏನೂ ಹೇಳಿರಲಿಲ್ಲ. ಮಣ್ಣು ಮಾಡಲು ಕೊಂಡೊಯ್ಯುವಾಗ ಎದ್ದ ಅಳುವಿನಿಂದಲೇ ಅವಳಿಗೆ ತಿಳಿಯಿತು. ಎಲ್ಲರೂ ಹೋಗಿ ಬಂದ ಮೇಲೆ ಅಪ್ಪನನ್ನು ಹತ್ತಿರ ಕರೆದು, ಬೈಯುವ ದನಿಯಲ್ಲಲ್ಲ, ತಿಳಿಯದ್ದನ್ನು ಕೇಳುವ ದನಿಯಲ್ಲಿ ಕೇಳಿದಳು: "ನನ್ನ ಯಾಕಪ್ಪ ಎತ್ತುದ್ರಿ?" ಅಪ್ಪ ಅವಳ ಕಾಲ ಬಳಿ ಕೂತು ಪಾದಕ್ಕೆ ಹೊದಿಕೆ ಎಳೆದ. ಅಮ್ಮ ಎದ್ದು ಬಾಚಣಿಗೆ ತಂದು, ಅಜ್ಜಿಯ ಕೂದಲಲ್ಲಿ ಇನ್ನೂ ಸಿಕ್ಕಿಕೊಂಡಿದ್ದ ಕಂಬಳಿಯ ಎಳೆಗಳನ್ನು ಒಂದೊಂದಾಗಿ ಬಿಡಿಸತೊಡಗಿದಳು.