ಸಾಲೇ ಇಲ್ಲದ ಕಿಟಕಿ

ಸಾಲಿನಲ್ಲಿ ನಿಲ್ಲುವುದೆಂದರೆ ಮಾನಮ್ಮನಿಗೆ ಆಗಿಬರದು. ಹಿಟ್ಟಿನ ಗಿರಣಿಯಿರಲಿ, ಸುರಪುರದ ಬ್ಯಾಂಕಿರಲಿ, ಜನ ಕಡಿಮೆಯಿದ್ದ ಕಡೆಗೆ ಅವಳ ಕಾಲು ತಾನೇ ತಿರುಗುತ್ತಿತ್ತು. ದೇವಾಪುರದ ಈ ಸೊಸೆ ಕಕ್ಕೇರಾದ ನೀರು ಬಳಕೆದಾರರ ಸಂಘಕ್ಕೆ ಕಂಪ್ಯೂಟರ್ ನೋಡಿಕೊಳ್ಳಲು ಬಂದಾಗ ಆ ಚಟವನ್ನೂ ಜೊತೆಗೇ ತಂದಳು.

ಯಾವ ಹೊಲಕ್ಕೆ ಕಾಲುವೆ ನೀರಿನ ಪಾಳಿ ಯಾವಾಗ ಎಂಬುದು ರೈತರಿಗೆ ಮೊಬೈಲಿನಲ್ಲೇ ಕಾಣಬೇಕು, ಅದು ಅವಳ ಕೆಲಸ. ಎಲ್ಲರೂ ಒಂದೇ ಕಂಪ್ಯೂಟರಿಗೆ ಮುಗಿಬಿದ್ದರೆ ಅದು ಮಲಗಿಬಿಡುತ್ತದೆಂದು ಮೂರು ಸರ್ವರ್ ಇಟ್ಟು, ಬಂದ ಪ್ರಶ್ನೆಗಳನ್ನು ಹಂಚಲು ಮುಂದೆ ಒಂದು ಲೋಡ್ ಬ್ಯಾಲೆನ್ಸರ್ ಕೂರಿಸಿದಳು. ಅದಕ್ಕೆ ಕಲಿಸಿದ್ದು ತನ್ನದೇ ಬುದ್ಧಿ: ಯಾರ ಕೈ ಖಾಲಿಯೋ ಅವರಿಗೆ ಮುಂದಿನ ಕೆಲಸ ಕೊಡು.

ನೀರು ಬಿಡುವ ದಿನ ಬೆಳಿಗ್ಗೆ ಊರಿಗೆ ಊರೇ ಮೊಬೈಲ್ ಹಿಡಿದು ಕೂತಿತು. ನೂರಕ್ಕೊಬ್ಬರಿಗೂ ಪಾಳಿ ಕಾಣಲಿಲ್ಲ. ಸಂಘದ ಅಧ್ಯಕ್ಷ ಮಹಾದೇವಪ್ಪ ಬಾಗಿಲಿಗೆ ಬಂದು ನಿಂತ.

"ಮಧ್ಯಾಹ್ನದೊಳಗ ಸರಿಯಾಗ್ಲಿಲ್ಲಂದ್ರ ಈ ಖೋಲಿಗೆ ಬೀಗ ಹಾಕ್ತೀನಿ ನೋಡವಾ. ನೀನೂ ಮನಿಗೆ ಹೋಗಬೌದು."

ಮಾನಮ್ಮ ಕುರ್ಚಿ ಎಳೆದುಕೊಂಡು ಕಂಪ್ಯೂಟರಿನ ಮುಂದೆ ಕೂತಳು. ಈ ನೌಕರಿಗಾಗಿ ಮಾವನೊಡನೆ ಜಗಳಾಡಿ ಹೊಸ್ತಿಲು ದಾಟಿದವಳು, ಯಾವ ಮುಖ ಹೊತ್ತು ತಿರುಗಿ ಹೋಗಬೇಕು? ಪರದೆಯ ಮೇಲೆ ನೋಡಿದರೆ ಮೂರನೆಯ ಸರ್ವರ್ ಬಂದ ಕೆಲಸವನ್ನೆಲ್ಲ ಕಣ್ಣುಮುಚ್ಚಿ ತೆಗೆಯುವುದರೊಳಗೆ ಮುಗಿಸುತ್ತಿತ್ತು. ಉಳಿದೆರಡಕ್ಕೆ ಅಲ್ಲೊಂದು ಇಲ್ಲೊಂದು. ಎಂಥ ದುಡಿಮೆಗಾರನಪ್ಪಾ ಎಂದು ಅವಳು ಮೂರನೆಯದನ್ನೇ ಮೆಚ್ಚಿಕೊಂಡಳು, ಹುಚ್ಚಿ.

ಅಷ್ಟರಲ್ಲಿ ಮೊಬೈಲಿಲ್ಲದ ಮುದುಕಿ ಹಜರಾಬೀ ಪಾಳಿ ಕೇಳಿಕೊಂಡು ಬಂದಳು. ಪಾಳಿ ಬರೆದುಕೊಡುವ ಸಂಘದ ಗುಮಾಸ್ತ ಈಶಪ್ಪನ ಕಿಟಕಿಯ ಮುಂದೆ ಎಂದಿನಂತೆ ಒಬ್ಬರೂ ಇರಲಿಲ್ಲ.

"ಅಲ್ಲಿ ಖಾಲಿ ಐತಿ, ಹೋಗ್ರಿ ಖಾಲಾ," ಎಂದಳು ಮಾನಮ್ಮ.

ಮುದುಕಿ ಹೋದಷ್ಟೇ ಬೇಗ ತಿರುಗಿ ಬಂದಳು. "ನಾಳಿ ಬಾ ಅಂದ ನೋಡವಾ. ಅಂವ ದಿನಾ ಎಲ್ಲಾರಿಗೂ ಅದನ್ನೇ ಹೇಳ್ತಾನ. ಅದಕ್ಕ ಅಲ್ಲಿ ಯಾರೂ ನಿಂದ್ರಂಗಿಲ್ಲ."

ಮಾನಮ್ಮ ನೆಟ್ಟಗೆ ಕೂತಳು. ಮೂರನೆಯ ಸರ್ವರ್ ಕೊಡುತ್ತಿದ್ದ ಉತ್ತರಗಳನ್ನು ತೆಗೆದು ನೋಡಿದಳು. ಡಿಸ್ಕ್ ತುಂಬಿ ಕೆಟ್ಟಿದ್ದ ಅದು ಬಂದವರಿಗೆಲ್ಲ 'ಆಗುವುದಿಲ್ಲ' ಎಂದಷ್ಟೇ ಹೇಳಿ ಕಳಿಸುತ್ತಿತ್ತು. ಹಾಗಾಗಿ ಅದರ ಕೈ ಯಾವಾಗಲೂ ಖಾಲಿ. ಖಾಲಿಯಿದೆಯೆಂದು ಮತ್ತೆ ಎಲ್ಲರೂ ಅದರ ಬಳಿಗೇ.

ಅವಳು ನಿಯಮ ಬದಲಿಸಿದಳು. ಆಗಾಗ ಪ್ರತಿ ಸರ್ವರಿಗೂ ಒಂದು ಹೊಲದ ಪಾಳಿ ಕೇಳಿ ನೋಡು, ಸರಿಯಾಗಿ ಹೇಳದವನಿಗೆ ಜನರನ್ನು ಕಳಿಸಬೇಡ. ಮೂರನೆಯದು ಹೊರಬಿತ್ತು. ಉಳಿದೆರಡು ಏದುಸಿರು ಬಿಡುತ್ತ ದುಡಿದವು, ಮೊಬೈಲುಗಳಿಗೆ ಪಾಳಿ ಬಂತು. ಹಜರಾಬೀಗೆ ಮಾನಮ್ಮನೇ ಓದಿ ಹೇಳಿದಳು.

"ಏನು ಮಾಡಿದಿ?" ಎಂದ ಮಹಾದೇವಪ್ಪ, ಬೀಗವನ್ನು ಜೇಬಿಗೆ ಇಳಿಸುತ್ತ.

"ಮೂರನೇದು ಭಾಳ ಲಗೂ ಕೆಲಸ ಮುಗಸ್ತೈತಿ ಅಂತ ನಂಬಿದ್ದೆರಿ. ಆಗಂಗಿಲ್ಲ ಅನ್ನಾಕ ಎಷ್ಟೊತ್ತು ಬೇಕ್ರಿ?"

ಮಹಾದೇವಪ್ಪ ಈಶಪ್ಪನ ಕಿಟಕಿಯನ್ನೇ ನೋಡುತ್ತ ನಿಂತ. ಆಮೇಲೆ ಮೆತ್ತಗೆ ಹೇಳಿದ: "ಹೋದ ವರ್ಷ ಅವಗ ಶಾಲು ಹೊದಿಸೀವಲ್ಲವಾ, ನಿನ್ನ ಕಿಟಕಿ ಮುಂದ ಸಾಲೇ ಇರಂಗಿಲ್ಲ ಅಂತ."