ವೆನೆರಾಳ ಬೂದಿ ತಟ್ಟೆ

ಪಕ್ಕದ ಮನೆಯ ವೆನೆರಾಳದ್ದು ಬಾಯಿ ಜೋರು. ಬೆಂಕಿ ಉಗುಳುವ ಎಟ್ನಾ ಬೆಟ್ಟ ಸಿಡಿದಾಗಲೆಲ್ಲ ಅವಳು ಮಾಳಿಗೆಯ ಮೇಲಿಟ್ಟ ಬಿಳಿ ತಟ್ಟೆಗೆ ಬಿದ್ದ ಬೂದಿಯನ್ನು ಬೆರಳಲ್ಲಿ ಉಜ್ಜಿ ನೋಡಬೇಕು, ಮರಳಿನಂತಿದೆಯೋ ಹಿಟ್ಟಿನಂತಿದೆಯೋ ಎಂದು ಬೆಟ್ಟದ ಮೇಲೆ ಕಣ್ಣಿಟ್ಟಿರುವ ಕತಾನಿಯಾದ ಕೇಂದ್ರಕ್ಕೆ ಫೋನ್ ಮಾಡಿ ತಿಳಿಸಬೇಕು. ಆ ಬೂದಿ ವಿಮಾನದ ಎಂಜಿನ್ನಿಗೆ ಹೊಕ್ಕರೆ ಕರಗಿ ಅಂಟಿಕೊಳ್ಳುತ್ತದೆ, ಅದಕ್ಕೇ ಬೂದಿ ಹಾರಿದಾಗ ಅಲ್ಲಿನ ವಿಮಾನ ನಿಲ್ದಾಣ ಮುಚ್ಚುತ್ತಾರೆ. ಬೆಟ್ಟದ ಸುತ್ತ ಇಂಥ ತಟ್ಟೆ ಇಟ್ಟವರು ಬೇಕಾದಷ್ಟು ಮಂದಿ ಇದ್ದಾರೆ. ಆದರೆ ತನ್ನ ಬ್ರೆಡ್ಡಿನ ಅಂಗಡಿಯಲ್ಲಿ ನಿಂತು ವೆನೆರಾ ಕೊಚ್ಚಿಕೊಳ್ಳುತ್ತಿದ್ದುದೇ ಬೇರೆ.

"ನಾನು ಫೋನ್ ಎತ್ತಿದ್ರೆ ಸಾಕು, ವಿಮಾನ ನಿಲ್ದಾಣಕ್ಕೇ ಬೀಗ."

"ಭಾನುವಾರ ನಮ್ಮತ್ತೆ ಬರ್ತಿದ್ದಾರೆ ಕಣೆ, ಒಂಚೂರು ಬೀಗ ಹಾಕ್ಸೆ," ಎಂದು ನಾನು ಕಾಡುತ್ತಿದ್ದೆ.

"ಆಗ್ಲಿ, ನೋಡೋಣ," ಎನ್ನುತ್ತಿದ್ದಳು, ಮಂತ್ರಿಯ ಗತ್ತಿನಲ್ಲಿ.

ಹೋದ ಚಳಿಗಾಲದಲ್ಲಿ ಅವಳ ತಾಯಿ ಹಾಸಿಗೆ ಹಿಡಿದರು. ಗಂಟಲಲ್ಲಿ ನೀರೂ ಇಳಿಯದಾದ ಮೇಲೆ ಹಿರಿಮಗಳು ಕಾತೆನಾಳ ಹೆಸರನ್ನೇ ಕನವರಿಸುತ್ತಿದ್ದರು. ದೂರದ ತೊರಿನೊದಲ್ಲಿದ್ದ ಕಾತೆನಾ ಬೆಳಗಿನ ವಿಮಾನಕ್ಕೆ ಹೊರಟಳು. ಆ ಬೆಳಿಗ್ಗೆಯೇ ಹಾಳು ಬೆಟ್ಟ ಸಿಡಿಯಿತು.

ನಾನು ಮಾಳಿಗೆಗೆ ಹೋದಾಗ ವೆನೆರಾ ತಟ್ಟೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ಬೂದಿ ಹಿಟ್ಟಿನಷ್ಟು ನುಣ್ಣಗಿತ್ತು.

"ಫೋನ್ ಮಾಡಿದ್ಯಾ?" ಎಂದೆ.

"ಇಲ್ಲ. ಅಕ್ಕ ಇಳೀಲಿ, ಆಮೇಲೆ ಮಾಡ್ತೀನಿ."

"ಆ ವಿಮಾನದಲ್ಲಿ ನಿಮ್ಮಕ್ಕ ಒಬ್ಳೇ ಇರ್ತಾಳೇನೆ?"

ಅವಳು ತಟ್ಟೆಯನ್ನು ತೊಳೆದು, ಒರೆಸಿ, ಬೋರಲು ಹಾಕಿದಳು.

ಅವಳ ಫೋನಿಗೆ ಕೇಂದ್ರದಲ್ಲಿ ಯಾರೂ ಕಾದಿರಲಿಲ್ಲ. ರಾಡಾರ್, ಉಪಗ್ರಹ, ಉಳಿದ ಊರುಗಳ ತಟ್ಟೆಗಳನ್ನು ನೋಡಿ ನಿಲ್ದಾಣವನ್ನು ಆಗಲೇ ಮುಚ್ಚಿಯಾಗಿತ್ತು. ಕಾತೆನಾಳ ವಿಮಾನ ದೂರದ ಪಲೆರ್ಮೊ ನಿಲ್ದಾಣದ ಕಡೆ ತಿರುಗಿತು. ಅಲ್ಲಿಂದ ಬಸ್ಸು ಹಿಡಿದು ಕಾತೆನಾ ಬರುವಷ್ಟರಲ್ಲಿ ನಾವು ಸತ್ತ ತಾಯಿಯ ಕೈಗೆ ಜಪಮಾಲೆ ಸುತ್ತಿ ಮಲಗಿಸಿದ್ದೆವು.

ಕಾತೆನಾ ಬಾಗಿಲಲ್ಲೇ ನಿಂತು ತಂಗಿಯನ್ನು ಕೇಳಿದಳು. "ನೀನೇ ಮುಚ್ಚಿಸ್ದೆ ಅಲ್ವಾ? ಒಂದಿನ ಬಾಯಿ ಮುಚ್ಕೊಂಡಿರೋಕೆ ಆಗ್ಲಿಲ್ವಾ ನಿಂಗೆ?"

ಒಳಗೆ ಊರಿಗೆ ಊರೇ ಕುರ್ಚಿ ಹಾಕಿಕೊಂಡು ಕೂತಿತ್ತು. ಫೋನೇ ಮಾಡಿಲ್ಲ ಎಂದಿದ್ದರೆ ಅಕ್ಕ ಅಪ್ಪಿಕೊಂಡು ಅಳುತ್ತಿದ್ದಳು. ಹೇಳೇ ಎಂದು ನಾನು ಅವಳ ತೋಳು ಚಿವುಟಿದೆ. ಹೇಳಿದರೆ, ಅವಳಿಲ್ಲದೆಯೂ ನಿಲ್ದಾಣ ಮುಚ್ಚುತ್ತದೆ ಎಂದು ಅಷ್ಟೂ ಜನಕ್ಕೆ ಗೊತ್ತಾಗುತ್ತಿತ್ತು.

"ಹೌದು, ನಾನೇ," ಎಂದಳು ವೆನೆರಾ. "ನನ್ನ ಕೆಲ್ಸ ನಾನು ಮಾಡ್ದೆ."

ಮಣ್ಣು ಮುಗಿಸಿಕೊಂಡು ಹೋದ ಕಾತೆನಾ ಇವತ್ತಿಗೂ ತಂಗಿಯೊಡನೆ ಮಾತಾಡಿಲ್ಲ. ಊರವರು ಮಾತ್ರ ಬ್ರೆಡ್ಡಿಗೆ ಬಂದಾಗ ದನಿ ತಗ್ಗಿಸಿ, ಹೆತ್ತ ತಾಯಿಗಿಂತ ಕರ್ತವ್ಯ ದೊಡ್ಡದೆಂದ ಹೆಂಗಸು ಎನ್ನುತ್ತಾರೆ. ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಮಾಳಿಗೆಯಲ್ಲಿ ಆ ತಟ್ಟೆ ಇನ್ನೂ ಬೋರಲೇ ಬಿದ್ದಿದೆ.